ಮೊಲದ ಮನೆಗೆ ಮಡಿ

"ಚಪ್ಪಲಿ ಹೊರಗೆ ಬಿಟ್ಟು ಬನ್ನಿ" ಎಂದು ಅಮೆರಿಕದವರಿಗೆ ಹೇಳಲು ನನಗೆ ಮೊದಲಿನಿಂದಲೂ ಮುಜುಗರ. ಪ್ಲಂಬರ್ ಬಂದರೂ, ಮಗಳ ಗೆಳತಿಯರು ಬಂದರೂ ಬೂಟುಗಾಲಲ್ಲೇ ಒಳಗೆ ನಡೆದುಬಿಡುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. 2020ರ ಬೇಸಿಗೆಯಿಂದ ಆ ಮುಜುಗರ ಬಿಟ್ಟೆ. ಈಗ ಬಾಗಿಲಲ್ಲೇ ತಡೆದು, "ಮನೆಯಲ್ಲಿ ಮೊಲ ಇದೆ, ಬೂಟು ಬಿಚ್ಚಿ" ಎನ್ನುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ನಾವಿರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ಆ ವರ್ಷ ಮಾರ್ಚ್‌ನಲ್ಲಿ ಪಕ್ಕದ ನ್ಯೂ ಮೆಕ್ಸಿಕೊದಲ್ಲಿ ಸಾಕಿದ ಮೊಲಗಳು ಇದ್ದಕ್ಕಿದ್ದಂತೆ ಸತ್ತವು. ಕೆಲವೇ ವಾರಗಳಲ್ಲಿ ಮರುಭೂಮಿಯ ಉದ್ದ ಕಿವಿಯ ಜ್ಯಾಕ್‌ರ್ಯಾಬಿಟ್‌ಗಳೂ ಬಿಳಿ ಬಾಲದ ಕಾಟನ್‌ಟೇಲ್ ಮೊಲಗಳೂ ಸಾಯತೊಡಗಿದವು. ಅರಿಜೋನಾ, ಟೆಕ್ಸಾಸ್, ಕೊಲರಾಡೊ ಎಂದು ಕಾಯಿಲೆ ಹರಡಿಕೊಂಡು ಹೋಯಿತು. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ಬಳಿ ಸತ್ತುಬಿದ್ದ ಜ್ಯಾಕ್‌ರ್ಯಾಬಿಟ್‌ನಲ್ಲೂ ಅದೇ ವೈರಸ್ ಸಿಕ್ಕಿತು. ಮನುಷ್ಯರೇ ಮೂಗು ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತಿದ್ದ ಕಾಲ ಅದು, ಮೊಲದ ಕಾಯಿಲೆಯ ಸುದ್ದಿ ಹೆಚ್ಚು ಜನರ ಕಿವಿಗೆ ಬೀಳಲೇ ಇಲ್ಲ. ನಮ್ಮ ಮನೆಗೂ ಅದು ತಲುಪಿದ್ದು ಮಗಳ ಮೂಲಕ. ಅವಳ ಮೊಲದ ಹೆಸರು ಬೆಲ್ಲ.

ಕಾಯಿಲೆಯ ಹೆಸರು ಮೊಲಗಳ ರಕ್ತಸ್ರಾವ ರೋಗ. ವೆಟ್‌ಗಳ ಬಾಯಲ್ಲಿ ಆರ್‌ಎಚ್‌ಡಿ. ಈಗ ಎಲ್ಲೆಡೆ ಓಡಾಡುತ್ತಿರುವ ಬಗೆಗೆ ಆರ್‌ಎಚ್‌ಡಿವಿ-2 ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ ರೇಬಿಸ್ ಎಂದುಕೊಳ್ಳುವವರಿದ್ದಾರೆ, ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಇದು ಮನುಷ್ಯರಿಗೆ ತಗಲುವುದಿಲ್ಲ, ನಾಯಿ ಬೆಕ್ಕುಗಳಿಗೂ ತಗಲುವುದಿಲ್ಲ. ಆದರೆ ನಾವೂ ನಮ್ಮ ನಾಯಿ ಬೆಕ್ಕುಗಳೂ ಅದನ್ನು ಹೊತ್ತು ತರಬಲ್ಲೆವು. ನಮಗೆ ಏನೂ ಆಗುವುದಿಲ್ಲವಾದ್ದರಿಂದಲೇ ಹೊತ್ತು ತಂದದ್ದು ಗೊತ್ತಾಗುವುದೂ ಇಲ್ಲ.

ಈ ರೋಗ ಮೊದಲು ಕಂಡದ್ದು 1984ರಲ್ಲಿ, ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ, ಜರ್ಮನಿಯಿಂದ ತರಿಸಿದ್ದ ಅಂಗೋರಾ ಮೊಲಗಳಲ್ಲಿ. ಕೋಟಿಗಟ್ಟಲೆ ಮೊಲಗಳು ಸತ್ತವು. 1986ರಲ್ಲಿ ಯುರೋಪಿನಲ್ಲೂ ಕಾಣಿಸಿತು. ಆ ಹಳೆಯ ವೈರಸ್‌ಗೆ ಒಂದು ಮಿತಿ ಇತ್ತು: ಎಂಟು ವಾರ ತುಂಬದ ಮರಿಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಿತ್ತು, ಯುರೋಪಿನ ಸಾಕುಮೊಲದ ಜಾತಿಯನ್ನು ಬಿಟ್ಟು ಬೇರೆ ಕಡೆ ಹೆಚ್ಚು ಕೈ ಚಾಚುತ್ತಿರಲಿಲ್ಲ. 2010ರಲ್ಲಿ ಫ್ರಾನ್ಸಿನಲ್ಲಿ ಕಂಡ ಎರಡನೆಯ ಬಗೆ ಈ ಎರಡೂ ಗಡಿಗಳನ್ನು ದಾಟಿತು. ಮರಿಗಳೂ ಸಾಯತೊಡಗಿದವು, ಕಾಡುಮೊಲದ ಬೇರೆ ಬೇರೆ ಜಾತಿಗಳೂ ಅದಕ್ಕೆ ಸಿಕ್ಕಿಬಿದ್ದವು. ಅಮೆರಿಕದ ಮರುಭೂಮಿಯಲ್ಲಿ ಅದು ಬೇರು ಬಿಟ್ಟದ್ದು ಇದೇ ಕಾರಣಕ್ಕೆ. ಸಾಕುಮೊಲಗಳ ನಡುವೆ ಬಂದ ರೋಗವನ್ನು ಬೇಲಿ ಹಾಕಿ ನಿಲ್ಲಿಸಬಹುದು. ಜ್ಯಾಕ್‌ರ್ಯಾಬಿಟ್‌ಗೆ ಬೇಲಿ ಹಾಕುವವರು ಯಾರು?

ಕಾಣುವುದು ತಡವಾಗಿ, ಕೊಲ್ಲುವುದು ಬೇಗ

ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಕೆಲವು ದಿನ ಬೇಕು, ಈ ಎರಡನೆಯ ಬಗೆಯಲ್ಲಿ ಒಂಬತ್ತು ದಿನದವರೆಗೂ ಹಿಡಿಯಬಹುದು. ಅದು ಏಟು ಕೊಡುವುದು ಯಕೃತ್ತಿಗೆ. ಯಕೃತ್ತಿನ ಜೀವಕೋಶಗಳು ಸಾಯುತ್ತವೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟು ಒಳಗೊಳಗೇ ರಕ್ತ ಸೋರುತ್ತದೆ. ಜ್ವರ, ಮಂಕು, ಮೇವು ಬಿಡುವುದು, ಉಸಿರಾಟದ ಕಷ್ಟ, ಕೊನೆಗೆ ಮೂಗಿನಲ್ಲಿ ರಕ್ತ. ಇವೆಲ್ಲ ಪುಸ್ತಕದ ಲಕ್ಷಣಗಳು. ನಿಜದಲ್ಲಿ ಹಲವು ಮನೆಗಳವರು ಕಾಣುವುದು ರಾತ್ರಿ ಚೆನ್ನಾಗಿ ಓಡಾಡಿಕೊಂಡಿದ್ದ ಮೊಲ ಬೆಳಿಗ್ಗೆ ಸತ್ತುಬಿದ್ದಿರುವುದನ್ನು. ವೈರಸ್‌ಗೆ ಮದ್ದಿಲ್ಲ. ವೆಟ್ ಮಾಡಬಹುದಾದದ್ದು ದ್ರವ ಕೊಡುವುದು, ನೋವು ತಗ್ಗಿಸುವುದು, ಕಾಯುವುದು, ಇಷ್ಟೇ.

ಸಾವಿನ ಪ್ರಮಾಣ ಒಂದೊಂದು ಕಡೆ ಒಂದೊಂದು ರೀತಿ. ಹಳೆಯ ಬಗೆಯಲ್ಲಿ ನೂರಕ್ಕೆ 70ರಿಂದ 90 ಮೊಲಗಳು ಸಾಯುತ್ತಿದ್ದವು. ಹೊಸ ಬಗೆಯಲ್ಲಿ ನೂರಕ್ಕೆ 5ರಿಂದ ಹಿಡಿದು 70ರವರೆಗೂ ಲೆಕ್ಕ ಸಿಗುತ್ತದೆ. ಐದು ಎನ್ನುವುದನ್ನು ಕೇಳಿ ಸಮಾಧಾನ ಪಟ್ಟುಕೊಳ್ಳಬೇಡಿ. ಬದುಕುಳಿದ ಮೊಲ ಕನಿಷ್ಠ 42 ದಿನ ತನ್ನ ಹಿಕ್ಕೆ, ಮೂತ್ರಗಳಲ್ಲಿ ವೈರಸ್ ಹೊರಹಾಕುತ್ತಲೇ ಇರಬಹುದು. ನೋಡಲು ಚೇತರಿಸಿಕೊಂಡಂತೆ ಇರುತ್ತದೆ, ಪಕ್ಕದ ಮೊಲಕ್ಕೆ ಅದೇ ಯಮ.

ಇಲ್ಲೊಂದು ಎಚ್ಚರದ ಮಾತು. ಮೊಲ ಮೇವು ಬಿಟ್ಟಿತೆಂದರೆ ತಕ್ಷಣ ಇದೇ ರೋಗವೆಂದು ಗಾಬರಿಯಾಗಬೇಕಿಲ್ಲ. ಕರುಳು ಚಲಿಸದೆ ನಿಂತರೂ ಮೊಲ ಮೇವು ಬಿಡುತ್ತದೆ, ಮನೆಯ ಮೊಲಗಳಲ್ಲಿ ಆ ತೊಂದರೆ ಬಹಳ ಸಾಮಾನ್ಯ. ಯಾವುದೇ ಕಾರಣಕ್ಕಾದರೂ ಅರ್ಧ ದಿನ ಮೇವು ಮುಟ್ಟದ, ಹಿಕ್ಕೆ ಹಾಕದ ಮೊಲ ಆಸ್ಪತ್ರೆಗೆ ಹೋಗಲೇಬೇಕಾದ ಮೊಲ. ಹೋಗುವ ಮೊದಲು ಫೋನ್ ಮಾಡಿ. ನಿಮ್ಮ ಊರಿನಲ್ಲಿ ಆರ್‌ಎಚ್‌ಡಿ ಇದ್ದರೆ ಅದನ್ನೂ ಹೇಳಿ. ಕಾರಿನಲ್ಲೇ ಇರಿ, ನಾವೇ ಬಂದು ನೋಡುತ್ತೇವೆ ಎಂದು ಅವರು ಹೇಳಬಹುದು. ಬೇಸರ ಮಾಡಿಕೊಳ್ಳಬೇಡಿ, ಒಳಗಿನ ಪಂಜರಗಳಲ್ಲಿ ಬೇರೆಯವರ ಮೊಲಗಳಿರುತ್ತವೆ.

"ನಮ್ಮದು ಮನೆಯೊಳಗಿನ ಮೊಲ"

ಈ ಮಾತನ್ನು ನಾನೂ ಹೇಳಿದವನೇ. ಬೆಲ್ಲ ಹಿತ್ತಲಿಗೆ ಕಾಲಿಟ್ಟದ್ದೇ ಅಪರೂಪ, ಬೇರೆ ಮೊಲದ ಮುಖ ನೋಡಿಲ್ಲ, ಇನ್ನು ರೋಗ ಎಲ್ಲಿಂದ ಬರಬೇಕು? ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ ವಾದಿಸುತ್ತಿದ್ದೆ. ಮಗಳು ತೋರಿಸಿದ್ದು ಮ್ಯಾನ್‌ಹಟನ್ನಿನ ಸುದ್ದಿ. ನಮ್ಮ ಕಡೆ ರೋಗ ಕಾಣಿಸಿಕೊಂಡ ಹೊತ್ತಿನಲ್ಲೇ, 2020ರ ಆರಂಭದಲ್ಲಿ, ನ್ಯೂಯಾರ್ಕಿನ ಆ ಗಗನಚುಂಬಿಗಳ ನಡುವಿನ ಒಂದು ಪ್ರಾಣಿ ಆಸ್ಪತ್ರೆಯಲ್ಲೂ ಸಾಕುಮೊಲಗಳು ಆರ್‌ಎಚ್‌ಡಿವಿ-2ರಿಂದ ಸತ್ತಿದ್ದವು. ಕಾಡುಮೊಲ ಅಪರೂಪವಾದ ಕಾಂಕ್ರೀಟಿನ ಊರು ಅದು. ನನ್ನ ವಾದ ಅಲ್ಲಿಗೇ ನಿಂತಿತು.

ಈ ವೈರಸ್‌ನ ಗುಣ ಗೊತ್ತಾದರೆ ಅದು ಹೇಗೆ ಎಂಬುದು ತಿಳಿಯುತ್ತದೆ. ಕೊರೋನಾ ವೈರಸ್‌ಗೆ ಹೊರಗಡೆ ಕೊಬ್ಬಿನ ಒಂದು ಹೊದಿಕೆ ಇತ್ತು. ಸ್ಯಾನಿಟೈಸರ್ ತಾಕಿದರೆ ಅದು ಕರಗಿ ವೈರಸ್ ಸಾಯುತ್ತಿತ್ತು. ಮೊಲದ ವೈರಸ್‌ಗೆ ಆ ಹೊದಿಕೆಯೇ ಇಲ್ಲ, ಗಟ್ಟಿ ಚಿಪ್ಪು ಮಾತ್ರ. ಬಟ್ಟೆಯ ಮೇಲೆ ಒಣಗಿ ಕೂತರೂ ಕೋಣೆಯ ಶಾಖದಲ್ಲಿ 105 ದಿನ ಉಳಿದದ್ದು ಪ್ರಯೋಗದಲ್ಲಿ ಕಂಡಿದೆ. ಸತ್ತ ಮೊಲದ ದೇಹದಲ್ಲಿ, ಫ್ರಿಜ್ಜಿನಷ್ಟು ತಂಪಿನಲ್ಲಿ, ಏಳು ತಿಂಗಳಿಗೂ ಹೆಚ್ಚು ಉಳಿದಿದೆ. ಹೆಪ್ಪುಗಟ್ಟಿಸಿದರೂ ಸಾಯುವುದಿಲ್ಲ. 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ತಾಸು ಇಟ್ಟರೂ ತಡೆದುಕೊಳ್ಳುತ್ತದೆ. ಫೀನಿಕ್ಸಿನ ಬೇಸಿಗೆ ಎಲ್ಲವನ್ನೂ ಸುಟ್ಟುಹಾಕುತ್ತದೆ ಎಂದು ನಂಬಿದ್ದ ನನಗೆ ಇದು ಎರಡನೆಯ ಪಾಠ.

ಅಂದರೆ ರೋಗ ಬರಲು ಇನ್ನೊಂದು ಮೊಲ ಬರಬೇಕಿಲ್ಲ. ವಾಕಿಂಗ್ ಹೋದ ದಾರಿಯಲ್ಲಿ ಬೂಟಿಗೆ ಮೆತ್ತಿದ ಮಣ್ಣು ಸಾಕು. ಸತ್ತ ಮೊಲದ ಮೇಲೆ ಕೂತಿದ್ದ ನೊಣ ಸಾಕು. ಸತ್ತ ಮೊಲವನ್ನು ತಿಂದ ನರಿ, ಹದ್ದುಗಳು ಹಾಕಿದ ಮಲದಲ್ಲೂ ಅದು ಇರಬಹುದು. ಕಾಡುಮೊಲ ಓಡಾಡಿದ ಹೊಲದಲ್ಲಿ ಕೊಯ್ದ ಹುಲ್ಲಿನಲ್ಲಿರಬಹುದು, ಪಾರ್ಕಿನಿಂದ ಕಿತ್ತು ತಂದ ಸೊಪ್ಪಿನಲ್ಲಿರಬಹುದು.

ಈ ಕೊನೆಯದರಲ್ಲಿ ನಾನೇ ತಪ್ಪಿತಸ್ಥ. ಊರಿನಲ್ಲಿ ಅಜ್ಜಿ ಬೇಲಿಸಾಲಿನಿಂದ ಕರಿಕೆ, ಹೊನಗೊನೆ ಸೊಪ್ಪು ಕಿತ್ತು ತಂದು ಕರುವಿಗೆ ಹಾಕುತ್ತಿದ್ದಳು. ಅದೇ ಸುಖಕ್ಕೆ ನಾನು ನಡೆದುಬರುವಾಗ ಕಾಲುವೆಯ ಪಕ್ಕದ ಎಳೆ ಹುಲ್ಲು ಕಿತ್ತು ಬೆಲ್ಲನಿಗೆ ಕೊಡುತ್ತಿದ್ದೆ. ಅದೇ ಕಾಲುವೆಯ ಪಕ್ಕ ಸಂಜೆ ಕಾಟನ್‌ಟೇಲ್‌ಗಳು ಮೇಯುವುದನ್ನು ನೋಡಿ ಸಂತೋಷಪಡುವವನೂ ನಾನೇ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ. ಏನೂ ಆಗಲಿಲ್ಲ, ಅದು ಅದೃಷ್ಟ.

ಮೊದಲು ಲಸಿಕೆ

ಮಿಕ್ಕ ಎಲ್ಲ ಎಚ್ಚರಿಕೆಗಳಿಗಿಂತ ಮುಂಚೆ ಲಸಿಕೆ. 2020ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಂದೂ ಲಸಿಕೆ ಇರಲಿಲ್ಲ. ಯುರೋಪಿನಲ್ಲಿ ಫಿಲಾವ್ಯಾಕ್, ಎರಾವ್ಯಾಕ್ ಎಂಬವು ಇದ್ದವು. ವೆಟ್‌ಗಳು ಸರ್ಕಾರದ ವಿಶೇಷ ಅನುಮತಿ ಪಡೆದು ಅವನ್ನು ತರಿಸಿಕೊಳ್ಳಬೇಕಿತ್ತು. ಆ ಲಸಿಕೆಗಳಲ್ಲಿ ಒಂದು ಇರಿಸುಮುರಿಸೂ ಇದೆ. ಈ ವೈರಸ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಯಲು ಒಪ್ಪುವುದಿಲ್ಲ. ಹಾಗಾಗಿ ಜೀವಂತ ಮೊಲಗಳಿಗೇ ರೋಗ ತಗಲಿಸಿ, ಅವುಗಳ ಯಕೃತ್ತಿನಿಂದ ವೈರಸ್ ತೆಗೆದು, ನಿಷ್ಕ್ರಿಯಗೊಳಿಸಿ ಲಸಿಕೆ ಮಾಡುತ್ತಿದ್ದರು. ಮೊಲ ಉಳಿಸಲು ಮೊಲ ಸಾಯಬೇಕಿತ್ತು.

ಸೌತ್ ಡಕೋಟಾದ ಬ್ರೂಕಿಂಗ್ಸ್ ಊರಿನ ಮೆಡ್‌ಜೀನ್ ಸಂಸ್ಥೆಯ ಲಸಿಕೆಗೆ ಅಕ್ಟೋಬರ್ 2021ರಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಅದರಲ್ಲಿ ಜೀವಂತ ವೈರಸ್ ಇಲ್ಲ, ವೈರಸ್‌ನ ಹೊರಚಿಪ್ಪಿನ ಪ್ರೋಟೀನ್ ಮಾತ್ರ. ಅದನ್ನು ತಯಾರಿಸಲು ಮೊಲವೂ ಬೇಕಿಲ್ಲ. 28 ದಿನ ತುಂಬಿದ ಮರಿಯಿಂದ ಹಿಡಿದು ಎಲ್ಲ ಮೊಲಗಳಿಗೂ ಕೊಡಬಹುದು. ಚರ್ಮದ ಕೆಳಗೆ ಒಂದು ಚುಚ್ಚು, 21 ದಿನದ ನಂತರ ಇನ್ನೊಂದು, ಆಮೇಲೆ ವರ್ಷಕ್ಕೊಂದು ಬೂಸ್ಟರ್. ಎರಡನೆಯ ಚುಚ್ಚು ಆಗಿ ಎರಡು ವಾರ ಕಳೆದ ಮೇಲೆಯೇ ರಕ್ಷಣೆ ಬಂತೆಂದು ಲೆಕ್ಕ. ಒಂದೇ ಡೋಸ್ ಹಾಕಿಸಿ ಮರೆತವರ ಮೊಲಕ್ಕೆ ಲಸಿಕೆ ಆಗಿದೆ ಎನ್ನುವ ಹಾಗಿಲ್ಲ. ಲಸಿಕೆ ಹಾಕಿಸಿಕೊಂಡ ದಿನ ಬೆಲ್ಲ ಸ್ವಲ್ಪ ಮಂಕಾಗಿ ಮೂಲೆ ಹಿಡಿದಿತ್ತು. ಮರುದಿನ ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚುವ ಸದ್ದಿಗೆ ಓಡಿಬಂತು. ಕೆಲವಕ್ಕೆ ಚುಚ್ಚಿದ ಜಾಗ ಊದಿಕೊಳ್ಳುತ್ತದೆ, ಸಣ್ಣ ಜ್ವರ ಬರುತ್ತದೆ. ಒಂದು ದಿನ ಕಳೆದರೂ ಮೇವು ತಿನ್ನದಿದ್ದರೆ ವೆಟ್‌ಗೆ ತಿಳಿಸಿ.

ಲಸಿಕೆ ಸಾಕುಮೊಲಗಳಿಗಷ್ಟೇ ಅಲ್ಲದೆ ಕಾಡಿಗೂ ಹೋಗಿದೆ ಎಂಬುದು ನನಗೆ ಖುಷಿ ಕೊಟ್ಟ ಸಂಗತಿ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಹೊಳೆದಂಡೆಯ ಪೊದೆಗಳಲ್ಲಿ ಬದುಕುವ ರಿಪೇರಿಯನ್ ಬ್ರಷ್ ಮೊಲ ಅಳಿವಿನ ಅಂಚಿನ ಉಪಜಾತಿ. ರೋಗ ರಾಜ್ಯಕ್ಕೆ ಕಾಲಿಟ್ಟಾಗ ವನ್ಯಜೀವಿ ಇಲಾಖೆಯವರು ಆ ಮೊಲಗಳನ್ನು ಬೋನಿನಲ್ಲಿ ಹಿಡಿದು, ಲಸಿಕೆ ಚುಚ್ಚಿ, ಮತ್ತೆ ಬಿಟ್ಟರು. ಕಾಡಿನಲ್ಲಿ ಒಂದೊಂದಾಗಿ ಹಿಡಿದು ಚುಚ್ಚುವುದಕ್ಕೆ ಜನರಿರುವಾಗ, ಮಂಚದ ಕೆಳಗೆ ಕೂತ ಮೊಲವನ್ನು ಹಿಡಿದುಕೊಂಡು ಹೋಗಲು ನಮಗೇನು ಕಷ್ಟ!

ಬೇರೆ ದೇಶದ ಕನ್ನಡಿಗರಿಗೆ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಮಿಕ್ಸೊಮಾಟೋಸಿಸ್ ಎಂಬ ಇನ್ನೊಂದು ವೈರಸ್ ರೋಗವೂ 1953ರಿಂದ ಇದೆ. ಸೊಳ್ಳೆ, ಚಿಗಟಗಳಿಂದ ಹರಡುತ್ತದೆ, ಕಣ್ಣು ಮುಖ ಊದಿ ಮೊಲ ನರಳಿ ಸಾಯುತ್ತದೆ. ಅಲ್ಲಿ ನೋಬಿವ್ಯಾಕ್ ಮಿಕ್ಸೊ-ಆರ್‌ಎಚ್‌ಡಿ ಪ್ಲಸ್ ಎಂಬ ಒಂದೇ ಚುಚ್ಚಿನಲ್ಲಿ ಎರಡು ರೋಗಗಳಿಗೂ ರಕ್ಷಣೆ, ಐದು ವಾರದ ಮರಿಯಿಂದ, ವರ್ಷಕ್ಕೊಮ್ಮೆ. ಅಮೆರಿಕದಲ್ಲಿ ಮಿಕ್ಸೊಮಾಟೋಸಿಸ್‌ಗೆ ಲಸಿಕೆ ಸಿಗುವುದಿಲ್ಲ. ಆದ್ದರಿಂದ ಆ ರೋಗ ಇರುವ ಕ್ಯಾಲಿಫೋರ್ನಿಯಾದ ಕರಾವಳಿಯವರು ಸೊಳ್ಳೆಪರದೆಯನ್ನೇ ನಂಬಬೇಕು. ಆಸ್ಟ್ರೇಲಿಯಾದ ಕಥೆ ಇನ್ನೂ ವಿಚಿತ್ರ. ಕಾಡುಬಿದ್ದ ಮೊಲಗಳ ಕಾಟ ತಡೆಯಲು ಸರ್ಕಾರವೇ ಈ ವೈರಸ್‌ಗಳನ್ನು ಹರಡುತ್ತದೆ. 1995ರಲ್ಲಿ ವಾರ್ಡಾಂಗ್ ದ್ವೀಪದಲ್ಲಿ ಪರೀಕ್ಷೆಯಲ್ಲಿದ್ದ ಆರ್‌ಎಚ್‌ಡಿ ವೈರಸ್ ತಪ್ಪಿಸಿಕೊಂಡು ಮುಖ್ಯಭೂಮಿಗೆ ಹಾರಿತು, 2017ರ ಮಾರ್ಚ್‌ನಲ್ಲಿ ಕೆ5 ಎಂಬ ಬಗೆಯನ್ನು ಬೇಕೆಂದೇ ಬಿಟ್ಟರು. ಮೆಲ್ಬರ್ನಿನಲ್ಲೋ ಸಿಡ್ನಿಯಲ್ಲೋ ಮೊಲ ಸಾಕಿದವರು ಹಳೆಯ ಲಸಿಕೆ ಹಾಕಿಸಿ ನಿಶ್ಚಿಂತರಾಗುವಂತಿಲ್ಲ, ಅದು ಹಳೆಯ ಬಗೆಗೆ ಮಾಡಿದ್ದು. "ಎರಡನೆಯ ಬಗೆಗೆ ಯಾವ ಲಸಿಕೆ ಇದೆ" ಎಂದು ವೆಟ್‌ನ್ನು ನೇರವಾಗಿ ಕೇಳಬೇಕು. ಕ್ವೀನ್ಸ್‌ಲ್ಯಾಂಡಿನವರಿಗೆ ಈ ತಲೆನೋವೇ ಇಲ್ಲ, ಅಲ್ಲಿ ಮೊಲ ಸಾಕುವುದೇ ಕಾನೂನಿಗೆ ವಿರುದ್ಧ.

ಆಮೇಲೆ ಮಡಿ

ನಮ್ಮ ಹಿರಿಯರ ಮಡಿ ಮೈಲಿಗೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಬಹಳ ಇದೆ. ಮೊಲದ ವಿಷಯದಲ್ಲಿ ಮಾತ್ರ ಅಡುಗೆಮನೆಯ ಮಡಿಯನ್ನು ಹಾಗೇ ತಂದು ಕೂರಿಸಿದ್ದೇನೆ. ಹೊರಗಿನದು ಹೊರಗೆ, ಒಳಗಿನದು ಒಳಗೆ.

ಬೂಟು, ಚಪ್ಪಲಿ ಹೊಸ್ತಿಲಾಚೆ. ಮೊಲ ಓಡಾಡುವ ಕೋಣೆಗೆ ಬೇರೆಯೇ ಒಂದು ಜೊತೆ ಚಪ್ಪಲಿ, ಅದು ಆ ಕೋಣೆ ಬಿಟ್ಟು ಹೊರಬರುವುದಿಲ್ಲ. ಹೊರಗಿನಿಂದ ಬಂದವರು ಮೊದಲು ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ಕೈ ತೊಳೆಯಬೇಕು, ಆಮೇಲೆ ಮೊಲ ಮುಟ್ಟಬೇಕು. ಸೋಪು ಈ ವೈರಸ್ಸನ್ನು ಕೊಲ್ಲದಿದ್ದರೂ ಉಜ್ಜಿ ತೊಳೆದಾಗ ನೀರಿನೊಂದಿಗೆ ಕೊಚ್ಚಿಕೊಂಡು ಹೋಗುತ್ತದೆ. ಸ್ಯಾನಿಟೈಸರ್ ತಿಕ್ಕಿಕೊಂಡರೆ ಕೈಯಲ್ಲೇ ಉಳಿಯುತ್ತದೆ. ಕೊರೋನಾ ಕಾಲದ ಆ ಅಭ್ಯಾಸ ಇಲ್ಲಿ ನಡೆಯದು. ಇನ್ನೊಬ್ಬರ ಮೊಲ ಎತ್ತಿಕೊಂಡು ಬಂದಿದ್ದರೆ ಬಟ್ಟೆಯನ್ನೂ ಬದಲಿಸಿ, ಬಿಸಿನೀರಿನಲ್ಲಿ ಒಗೆಯಲು ಹಾಕಿ. ನಾಯಿ ವಾಕಿಂಗ್ ಮುಗಿಸಿ ಬಂದರೆ ಅದರ ಪಾದಗಳನ್ನೂ ಸೋಪಿನಲ್ಲಿ ತೊಳೆಯಿರಿ, ಅದಕ್ಕೆ ಮೊಲದ ಕೋಣೆಗೆ ಪ್ರವೇಶವಿಲ್ಲ. ನಾಯಿ ಬೆಕ್ಕುಗಳಿಗೆ ಚಿಗಟದ ಔಷಧಿಯೂ ತಪ್ಪಬಾರದು. ಆದರೆ ಅವಕ್ಕೆ ಹಾಕುವ ಚಿಗಟದ ಔಷಧಿಯನ್ನು ನೀವಾಗಿಯೇ ಮೊಲಕ್ಕೆ ಹಾಕಬೇಡಿ, ಅದರಲ್ಲಿ ಕೆಲವು ಮೊಲಕ್ಕೆ ವಿಷ.

ಪಾತ್ರೆ, ಪಂಜರ, ಲಿಟರ್ ಬಾಕ್ಸ್ ಶುದ್ಧಿಗೆ ಮನೆಯ ಬ್ಲೀಚ್ ಸಾಕು. ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು. ಆದರೆ ಮೊದಲು ಹಿಕ್ಕೆ, ಹುಲ್ಲು, ಮೂತ್ರದ ಕಲೆ ಎಲ್ಲವನ್ನೂ ಸೋಪುನೀರಿನಲ್ಲಿ ತಿಕ್ಕಿ ತೊಳೆಯಬೇಕು. ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಗೇ ಖರ್ಚಾಗಿಬಿಡುತ್ತದೆ. ಇನ್ನೊಂದು ಕಾರಣವೂ ಇದೆ: ಮೂತ್ರದಲ್ಲಿ ಅಮೋನಿಯಾ ಇರುತ್ತದೆ, ಬ್ಲೀಚ್ ಜೊತೆ ಸೇರಿದರೆ ಉಸಿರುಕಟ್ಟಿಸುವ ವಿಷದ ಆವಿ ಏಳುತ್ತದೆ. ಮೊಲದ ಮೂತ್ರದ ಬಿಳಿ ಕಲೆ ತೆಗೆಯಲು ವಿನೆಗರ್ ಬಳಸುವವರು ಅದನ್ನು ಪೂರ್ತಿ ತೊಳೆದ ಮೇಲೆಯೇ ಬ್ಲೀಚ್ ಮುಟ್ಟಬೇಕು. ಬ್ಲೀಚ್ ನೀರು ಹತ್ತು ನಿಮಿಷವಾದರೂ ಒದ್ದೆಯಾಗಿ ನಿಲ್ಲಬೇಕು. ನಂತರ ತೊಳೆದು, ಒಣಗಿಸಿ, ವಾಸನೆ ಹೋದ ಮೇಲೆ ಮೊಲವನ್ನು ಬಿಡಿ. ನಮ್ಮ ಮನೆಯಲ್ಲಿ ಇದು ಭಾನುವಾರದ ಕೆಲಸ, ಬಚ್ಚಲಿನ ಕಿಟಕಿ ತೆರೆದಿಟ್ಟುಕೊಂಡು. ಮರದ ಪೆಟ್ಟಿಗೆ, ರಟ್ಟಿನ ಡಬ್ಬ, ಚಾಪೆಯಂಥವು ಸೋಂಕು ತಗಲಿದ ಮೇಲೆ ಶುದ್ಧವಾಗುವುದಿಲ್ಲ, ಬಿಸಾಡುವುದೇ ಸರಿ.

ಹುಲ್ಲಿನ ವಿಷಯ ನಿಜಕ್ಕೂ ಕಷ್ಟ. ಮೊಲದ ಹೊಟ್ಟೆಗೆ ಮುಖ್ಯವಾಗಿ ಬೇಕಾದದ್ದು ಒಣಹುಲ್ಲೇ, ಭಯಪಟ್ಟು ಅದನ್ನು ಕಡಿಮೆ ಮಾಡಿದರೆ ಬೇರೆ ರೋಗ ಬರುತ್ತದೆ. ಮಾಡಬಹುದಾದದ್ದು ಇಷ್ಟು: ಟಿಮೊಥಿ ಹುಲ್ಲು ಕೊಳ್ಳುವಾಗ ಎಲ್ಲಿ ಬೆಳೆದದ್ದು ಎಂದು ಕೇಳಿ, ರೋಗ ಕಾಣಿಸಿಕೊಂಡ ಜಾಗದ್ದಾದರೆ ಬೇಡ ಅನ್ನಿ. ಕೆಲವರು ಮೂರು ನಾಲ್ಕು ತಿಂಗಳ ಹುಲ್ಲು ಮುಂಚಿತವಾಗಿ ಕೊಂಡು, ನೊಣ ಇಲಿ ತಾಗದಂತೆ ಕಟ್ಟಿಟ್ಟು, ಹಳೆಯದಾದ ಮೇಲೆ ಬಳಸುತ್ತಾರೆ. ಈ ಪದ್ಧತಿ ಬಂದದ್ದು ಆ 105 ದಿನದ ಲೆಕ್ಕದಿಂದ. ನಮ್ಮ ಮನೆಯಲ್ಲಿ ಅಷ್ಟು ಜಾಗವಿಲ್ಲ, ನಾವು ಕೇಳಿ ಕೊಳ್ಳುವುದಕ್ಕೇ ನಿಂತಿದ್ದೇವೆ. ಸೊಪ್ಪು ಅಂಗಡಿಯದು, ತೊಳೆದದ್ದು. ಕಾಲುವೆಯ ಹುಲ್ಲು ಬಂದ್.

ಹೊಸ ಮೊಲ ತಂದರೆ, ಅದು ಎಷ್ಟೇ ಮುದ್ದಾಗಿರಲಿ, ಒಂದು ತಿಂಗಳು ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಪೊರಕೆ. ಹಳೆಯ ಮೊಲದ ಕೆಲಸ ಮೊದಲು ಮುಗಿಸಿ, ಹೊಸದರ ಕೆಲಸ ಆಮೇಲೆ. ಇದು ಬೆಂಗಳೂರಿನಲ್ಲಿ ಅಂಗಡಿಯಿಂದ ಮರಿ ತರುವವರಿಗೂ ಹೊಂದುವ ಮಾತು, ಆರ್‌ಎಚ್‌ಡಿ ಬಿಟ್ಟರೂ ಕಜ್ಜಿ, ನೆಗಡಿ, ಕರುಳಿನ ರೋಗಗಳು ಹೊಸ ಮರಿಯ ಜೊತೆಗೇ ಬರುವುದುಂಟು.

ಸತ್ತ ಮೊಲ ಕಂಡರೆ

ದಾರಿಯಲ್ಲಿ ಸತ್ತ ಕಾಡುಮೊಲ ಕಂಡರೆ ಮುಟ್ಟಬೇಡಿ, ನಾಯಿಯನ್ನು ಮೂಸಲು ಬಿಡಬೇಡಿ. ಜಾಗ ಗುರುತಿಟ್ಟುಕೊಂಡು ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಿ. ಮನೆಯಲ್ಲೇ ಮೊಲ ಇದ್ದಕ್ಕಿದ್ದಂತೆ ಸತ್ತರೆ, ಎಷ್ಟೇ ದುಃಖವಾದರೂ ಹಿತ್ತಲಿನಲ್ಲಿ ಗುಂಡಿ ತೋಡಲು ಓಡಬೇಡಿ. ಆಳವಿಲ್ಲದ ಗುಂಡಿಯನ್ನು ಪ್ರಾಣಿಗಳು ಬಗೆದರೆ ರೋಗ ಊರೆಲ್ಲ ಹಬ್ಬುತ್ತದೆ. ವೆಟ್‌ಗೆ ಫೋನ್ ಮಾಡಿ. ಯಕೃತ್ತಿನ ಮಾದರಿ ಪರೀಕ್ಷಿಸಿದರೆ ಕಾರಣ ಖಚಿತವಾಗುತ್ತದೆ. ಅಮೆರಿಕದಲ್ಲಿ ಇಂಥ ಅನುಮಾನವನ್ನು ವೆಟ್ ರಾಜ್ಯದ ಪಶುವೈದ್ಯಾಧಿಕಾರಿಗೆ ತಿಳಿಸುತ್ತಾರೆ, ಮುಂದೇನು ಮಾಡಬೇಕೆಂದು ಅವರೇ ಹೇಳುತ್ತಾರೆ. ಆವರೆಗೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂಪಿನಲ್ಲಿಡಿ, ಮನೆಯಲ್ಲಿ ಉಳಿದ ಮೊಲಗಳನ್ನು ಹೊರಗೆಲ್ಲೂ ಒಯ್ಯಬೇಡಿ.

ಮೊಲದ ವೆಟ್ ಎಲ್ಲ ಕ್ಲಿನಿಕ್‌ಗಳಲ್ಲಿ ಇರುವುದಿಲ್ಲ. ಇಲ್ಲಿ ಅಂಥವರನ್ನು "ಎಕ್ಸಾಟಿಕ್" ವೈದ್ಯರ ಪಟ್ಟಿಯಲ್ಲಿ ಹುಡುಕಬೇಕು. ಲಸಿಕೆಯ ಒಂದು ಬಾಟಲಿಯಲ್ಲಿ ಹಲವು ಡೋಸ್ ಇರುವುದರಿಂದ ಕೆಲವು ಕ್ಲಿನಿಕ್‌ಗಳು ಹತ್ತಾರು ಮೊಲಗಳನ್ನು ಒಂದೇ ದಿನ ಸೇರಿಸಿ ಚುಚ್ಚುತ್ತವೆ. ಆ ದಿನ ತಪ್ಪಿದರೆ ಮುಂದಿನ ಸರದಿಗೆ ಕಾಯಬೇಕು. ಈ ವಾರವೇ ಫೋನ್ ಮಾಡಿ, ಎರಡೂ ಚುಚ್ಚಿನ ತಾರೀಖನ್ನು ಒಟ್ಟಿಗೇ ಗೊತ್ತುಮಾಡಿಕೊಳ್ಳಿ.